ಮೇಲಿನ ಸಾಲಿನ ತಾರೀಕು

ಚಿಕ್ಕೋಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನನ್ನದು ಹಂಗಾಮಿ ಕೆಲಸ. ತೊಂಬತ್ತರ ದಶಕದ ಕೊನೆ. ಇಂಟರ್ನೆಟ್ ಎಂದರೆ ಊರಿಗೆಲ್ಲ ಹೊಸದು. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸರ್ವರ್ ಇಡೀ ಲ್ಯಾಬಿಗೆ ಒಂದಿತ್ತು. ಯಾವುದೇ ಹೆಸರು ಕೇಳಿದರೂ ಅದು ಮೊದಲು ಹೋಗಿ ಕೇಳಬೇಕಾದದ್ದು ಜಗತ್ತಿನ ಕೆಲವೇ ಮೂಲ ಸರ್ವರ್‌ಗಳನ್ನು. ಅವುಗಳ ವಿಳಾಸದ ಪಟ್ಟಿ ಒಂದು ಸಣ್ಣ ಫೈಲಿನಲ್ಲಿರುತ್ತಿತ್ತು. ವಿಳಾಸ ಬದಲಾದರೆ ಪಟ್ಟಿಯೂ ಬದಲಾಗಬೇಕು. ಆ ಫೈಲ್ ತರಿಸುವುದು ನನಗೂ ಬರುತ್ತಿತ್ತು. ಆದರೆ ಸರ್ವರ್ ಕೂಡಿಸಿಕೊಟ್ಟವನು ನಿಪ್ಪಾಣಿಯ ಅಣ್ಣ. ರಕ್ತಸಂಬಂಧವೇನಲ್ಲ, ಕಂಪ್ಯೂಟರ್ ಕಲಿಸಿದವನು. ನೂಲ ಹುಣ್ಣಿಮೆಗೆ ನಾನು ರಾಖಿ ಕಟ್ಟುತ್ತಿದ್ದ ಅಣ್ಣ.

"ನಾ ಇರೂತನಾ ನೀ ಯಾಕ ಚಿಂತಿ ಮಾಡ್ತಿ ತಂಗಿ? ತಿಂಗಳಾ ಹೊಸಾದು ಕಳಸ್ತೀನಿ," ಎಂದಿದ್ದ.

ಕಳಿಸುತ್ತಲೂ ಇದ್ದ. ನಮ್ಮ ಕಡೆ ಊರಿಂದೂರಿಗೆ ಏನೇ ಕಳಿಸುವುದಿದ್ದರೂ ಬಸ್ಸಿನ ಕಂಡಕ್ಟರನೇ ಗತಿ. "ಅಕ್ಕಾರ, ನಿಪ್ಪಾಣಿ ಅಣ್ಣಾರು ಕೊಟ್ಟಾರ್ರಿ," ಎಂದು ಅವನು ಕಿಟಕಿಯಿಂದಲೇ ಲಕೋಟೆ ಚಾಚುತ್ತಿದ್ದ. ಒಳಗೊಂದು ಫ್ಲಾಪಿ. ಫೈಲಿನ ಮೇಲಿನ ಸಾಲಿನಲ್ಲಿ ಆ ತಿಂಗಳ ತಾರೀಕು ಇರುತ್ತಿತ್ತು. ಅದನ್ನು ನೋಡಿ ಸರ್ವರ್‌ಗೆ ಹಾಕಿ ನಿಶ್ಚಿಂತಳಾಗುತ್ತಿದ್ದೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಾನು.

ಆಡಳಿತ ಮಂಡಳಿಯವರು ಲ್ಯಾಬ್ ನೋಡಲು ಬಂದ ದಿನ ನನ್ನ ಕೆಲಸ ಕಾಯಂ ಆಗುವುದೋ ಇಲ್ಲವೋ ತೀರ್ಮಾನವಾಗಬೇಕಿತ್ತು. ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಸರ್ವರ್ ಮತ್ತೆ ಶುರುವಾಗಿ, ಪಟ್ಟಿ ಹಿಡಿದು ಒಂದೊಂದೇ ವಿಳಾಸ ಕೇಳತೊಡಗಿತು. ಮೊದಲೆಲ್ಲ ತಡವಾದರೂ ಯಾವುದೋ ಒಂದು ಓಗೊಡುತ್ತಿತ್ತು. ಅಂದು ಒಂದೂ ಇಲ್ಲ, ಪರದೆಯ ಮೇಲೆ ಒಂದು ಪುಟವೂ ತೆರೆಯಲಿಲ್ಲ. ಪರದೆಯ ಮುಂದೆ ನಿಂತ ಹಿರಿಯರು ಗಡಿಯಾರ ನೋಡಿಕೊಂಡರು. ಅವರಲ್ಲೊಬ್ಬರು, "ಬಾಯಾರ, ನಿಮಗಿದು ಬರೂದಿಲ್ಲ ಅನಸ್ತದ," ಎಂದರು. ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆಯ ಪತ್ರ ಕೈಗೆ ಬಂತು.

ಖಾನೆಯಲ್ಲಿದ್ದ ಫ್ಲಾಪಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಎಲ್ಲದರಲ್ಲೂ ತಾರೀಕು ಬೇರೆ, ಕೆಳಗಿನ ವಿಳಾಸಗಳು ಅವೇ. ನಾನೇ ತರಿಸಿ ನೋಡಿದ ಹೊಸ ಪಟ್ಟಿಯಲ್ಲಿ ಅವು ಎಂದೋ ಬದಲಾಗಿದ್ದವು. ಅವನು ಒಂದು ತಿಂಗಳೂ ಹೊಸ ಪಟ್ಟಿ ತರಿಸಿರಲಿಲ್ಲ. ಹಳೆಯದರ ಮೇಲೆ ಹೊಸ ತಾರೀಕು ಬರೆದು ಬಸ್ಸಿಗೆ ಹಾಕಿದ್ದ. ಮರೆತಿದ್ದರೆ ಕ್ಷಮಿಸುತ್ತಿದ್ದೆ. ತಾರೀಕು ತಿದ್ದುವುದನ್ನು ಮಾತ್ರ ಅವನು ಒಂದು ತಿಂಗಳೂ ಮರೆತಿರಲಿಲ್ಲ.

ಫೋನ್ ಮಾಡಿದರೆ ನಕ್ಕ. "ಹೆಂಗೂ ನಡದಿತ್ತಲ್ಲ ತಂಗಿ. ಯಾರ್ ನೋಡ್ತಾರ ಅದನ್ನ?"

ನಾನು ಫೋನ್ ಇಟ್ಟುಬಿಟ್ಟೆ. ಜಗಳವಾಡಿದ್ದರೆ ಸಮಾಧಾನ ಮಾಡಲು ಮನೆಗೇ ಬರುತ್ತಿದ್ದ, ನಾನು ಚಹಾ ಕೊಡಬೇಕಾಗುತ್ತಿತ್ತು.

ನೂಲ ಹುಣ್ಣಿಮೆ ಬಂತು. ಹಿಂದಿನ ವರ್ಷ ತಂದಿದ್ದ ರಾಖಿಗಳಲ್ಲಿ ಒಂದು ಟ್ರಂಕಿನ ತಳದಲ್ಲಿ ಉಳಿದಿತ್ತು. ಜರಿ ಕಪ್ಪಾಗಿತ್ತು, ಕುಚ್ಚನ್ನು ನುಸಿ ತಿಂದಿತ್ತು. ಅದನ್ನೇ ಲಕೋಟೆಗೆ ಹಾಕಿ, ಮೇಲೆ ಅಂದಿನ ತಾರೀಕನ್ನು ದುಂಡಗೆ ಬರೆದು ಅದೇ ಕಂಡಕ್ಟರನ ಕೈಗೆ ಕೊಟ್ಟೆ.

ಸಂಜೆ ಪಕ್ಕದ ಮನೆಗೆ ಅವನ ಫೋನ್ ಬಂತು.

"ರಾಖಿ ಮುಟ್ಟಿತು ತಂಗಿ. ತಾರೀಕ ತಪ್ಪಲಿಲ್ಲ ನೋಡ ನೀ. ಛಲೋ ಐತಿ."

ಲಕೋಟೆಯನ್ನು ಅವನು ಒಡೆದೇ ಇರಲಿಲ್ಲ.