ಎರಡನೇ ತುತ್ತಿಗೆ ನಾಲ್ಕು ಮಂದಿ

“ಕೂಸಿಗಿ ಊಟ ಏನೇನ್ ಕೊಡ್ಲತ್ತೀರಿ?”

ಕೇಳಿದವಳು ಭಾಲ್ಕಿಯ ಒಂದು ಅಂಗನವಾಡಿಯ ಟೀಚರ್. ನನ್ನ ಮಗಳಿಗಿಂತ ಚಿಕ್ಕವಳು. ತೂಕದ ಮೆಷಿನ್ ಮೇಲೆ ಅಂಗಾತ ಮಲಗಿ ಕಾಲು ಒದೆಯುತ್ತಿದ್ದವಳು ನನ್ನ ಮೊಮ್ಮಗಳು. ತೊಟ್ಟಿಲಲ್ಲಿ ಇಟ್ಟ ಹೆಸರು ಬಲು ಉದ್ದವಿದೆ, ಮನೆಯಲ್ಲಿ ಮುನ್ನಿ.

ನನ್ನ ಮಗಳು ಸುಜಾತಾ ಗೋಡೆ ನೋಡಿದಳು. ಗೋಡೆಯ ಮೇಲೆ ಒಂದು ಪಟ್ಟಿ ಇತ್ತು. ಆರು ತಿಂಗಳು ತುಂಬಿದ ಕೂಡಲೇ ಮೆತ್ತಗಿನ ಊಟ, ದಿನಕ್ಕೆ ಎರಡು ಮೂರು ಸಲ. ನಾನು ನನ್ನ ಸೆರಗಿನ ಅಂಚು ನೋಡಿದೆ.

“ಇನ್ನಾ ಸುರು ಮಾಡಿಲ್ರಿ,” ಅಂದಳು ಸುಜಾತಾ.

“ಎಂಟನೇ ತಿಂಗಳು ನಡದದಲ್ರಿ ಅಕ್ಕ. ಬರೇ ಹಾಲಿನ ಮ್ಯಾಲೆ ಎಷ್ಟ್ ದಿನಾ ಇಡ್ತೀರಿ? ತೂಕದ ಕಾರ್ಡ್ ನೋಡ್ರಿ, ಗೆರಿ ಏರೋದು ಬಿಟ್ಟು ಮಲಗ್ಯಾದ.” ಆಮೇಲೆ ನನ್ನ ಕಡೆ ತಿರುಗಿದಳು. “ಹಿರೇರಿದ್ದೀರಿ, ನೀವರೇ ಹೇಳಬೇಕಲ್ರಿ ಅಮ್ಮ. ಯಾವೂರ್ ನಿಮ್ದು?”

“ಬೀದರ್ ರೀ.”

“ಏನ್ ಮಾಡ್ತೀರಿ?”

ಇದಕ್ಕೆ ಏನು ಹೇಳಲಿ? ರಿಟೈರ್ ಆಗುವ ತನಕ ಮೂವತ್ತು ವರ್ಷ ನಾನು ಮಾಡಿದ್ದು ಇದೇ ಕೆಲಸ. ಜನವಾಡದ ಕಡೆಯ ಹಳ್ಳಿಗಳಲ್ಲಿ ಇದೇ ಪಟ್ಟಿ ಅಂಟಿಸಿ, ಇದೇ ಪ್ರಶ್ನೆ ಕೇಳಿ, ಇದೇ ಧ್ವನಿಯಲ್ಲಿ ಬೈದವಳು. ಮುಹೂರ್ತ ಬರಲಿ ಅಂದವರಿಗೆ, “ಕೂಸಿನ ಹೊಟ್ಟಿಗಿ ಪಂಚಾಂಗ ಓದ್ಲಾಕ ಬರ್ತದೇನ್ರಿ?” ಅಂತ ಕೇಳಿ ನಗಿಸುತ್ತಿದ್ದೆ.

“ಮನಿ ಕೆಲಸರಿ,” ಅಂದೆ.

ಹೊರಗೆ ಬಂದ ಮೇಲೆ ಸುಜಾತಾ ನಗಬಹುದು ಅಂತ ಅವಳ ಮುಖ ನೋಡಿದೆ. ನಗಲಿಲ್ಲ.

ವಿಷಯ ಇಷ್ಟು. ನಮ್ಮ ಕಡೆ, ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವ ಮನೆಗಳಲ್ಲಿ, ಕೂಸಿಗೆ ಮೊದಲ ತುತ್ತು ಉಣಿಸುವವನು ಸೋದರಮಾವ. ಇದಕ್ಕೆ ಉಷ್ಟಾವಣ ಅನ್ನುತ್ತೇವೆ. ಮಾಮಾ ಮಣೆಯ ಮೇಲೆ ಕೂಡಬೇಕು, ಕೂಸು ಅವನ ತೊಡೆಯ ಮೇಲೆ, ಬೆಳ್ಳಿ ಬಟ್ಟಲಲ್ಲಿ ಖೀರು. ಅದಕ್ಕೆ ಮೊದಲು ತಾಯಿಯ ಹಾಲು ಬಿಟ್ಟು ಬೇರೇನೂ ಕೂಸಿನ ನಾಲಿಗೆಗೆ ತಾಕುವಂತಿಲ್ಲ. ಗಂಡು ಕೂಸಾದರೆ ಸಮ ತಿಂಗಳು, ಹೆಣ್ಣಾದರೆ ಬೆಸ. ಏಳರಲ್ಲಿ ತಪ್ಪಿತೋ, ಒಂಬತ್ತರ ತನಕ ಕಾಯಬೇಕು.

ಮುನ್ನಿಗೆ ಇದ್ದವನು ಒಬ್ಬನೇ ಮಾಮಾ. ನನ್ನ ಮಗ ಮಹೇಶ. ಬೀದರ ಪಕ್ಕದ ಕೊಳಾರದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಸುಜಾತಾ ನಾಲ್ಕು ತಿಂಗಳ ಬಸುರಿ ಇದ್ದಾಗ ಜ್ವರ ಅಂತ ಮಲಗಿದ, ಹತ್ತು ದಿನದಲ್ಲಿ ಹೋದ. ಅದನ್ನು ಇಲ್ಲಿ ಬರೆಯಬೇಕು ಅಂತ ಒಮ್ಮೆ ಕೂತಿದ್ದೆ. ನಿಮಗೆ ನೆನಪಿರಬಹುದು, ಆ ವಾರ ಪತ್ರಿಕೆಯಲ್ಲಿ ನನ್ನ ಈ ಅಂಕಣ ಬರಲಿಲ್ಲ. ಈಗಲೂ ಇಷ್ಟೇ ಸಾಕು.

ಸ್ವಂತ ಮಾಮಾ ಇಲ್ಲದಿದ್ದರೆ ಮಾಮಾನ ವರಸೆಯವರು ಇದ್ದೇ ಇರುತ್ತಾರೆ. ನನ್ನ ತಂಗಿಯ ಮಗ ವಿಜಯ, ಔರಾದದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು, ತಾನಾಗಿಯೇ ಮುಂದೆ ಬಂದ. ಮಹೇಶನ ಜೊತೆ ಆಡಿ ಬೆಳೆದವನು. ಏಳನೇ ತಿಂಗಳಲ್ಲಿ ಎರಡು ಸಲ ಇಸ್ತ್ರಿ ಅಂಗಿ ಹಾಕಿಕೊಂಡು, ಬೈಕಿನ ಡಿಕ್ಕಿಯಲ್ಲಿ ಬೆಳ್ಳಿ ಬಟ್ಟಲು ಇಟ್ಟುಕೊಂಡು ಭಾಲ್ಕಿಗೆ, ಸುಜಾತಾಳ ಅತ್ತೆಮನೆಯ ತನಕ ಬಂದ. ಎರಡೂ ಸಲ ಚಹಾ ಕುಡಿದು ವಾಪಸ್ ಹೋದ.

ಮೊದಲ ಸಲ ಸುಜಾತಾ, “ಕೂಸಿಗಿ ನೆಗಡಿ ಅದ,” ಅಂದಳು. ಎರಡನೇ ಸಲ, “ಹಲ್ಲ ಬರ್ಲತ್ತಾವ.”

“ಅಕ್ಕ, ಹಲ್ಲ ಬರೋದು ತಿನ್ಲಾಕೇ ಅಲ್ಲೇನ?” ಅಂದ ವಿಜಯ.

ಅವಳು ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

“ಅವ್ವ, ಆ ಮಣಿ ಮ್ಯಾಲೆ ಬ್ಯಾರೆ ಯಾರರೇ ಕೂತ್ರಂದ್ರ ಮುಗೀತು,” ಅಂದಳು. “ಮಹೇಶ ಖರೇನೇ ಇಲ್ಲಂತ ಆಗ್ತದ.”

ಇದಕ್ಕೆ ಯಾವ ಪಟ್ಟಿಯಲ್ಲೂ ಉತ್ತರ ಬರೆದಿಲ್ಲ. ನಾನು ಸುಮ್ಮನಾದೆ. ಅವಳ ಅತ್ತೆ ಶಾಂತಾಬಾಯಿ ಸುಮ್ಮನಾದರು. ಮಾವ ಸುಮ್ಮನಾದರು. ಅಳಿಯ ಮೊದಲೇ ಮಾತು ಕಡಿಮೆ, ಇನ್ನಷ್ಟು ಸುಮ್ಮನಾದ. ದೊಡ್ಡವರೆಲ್ಲ ಸುಮ್ಮನಾದ ಮೇಲೆ ಹಸಿದವಳು ಮುನ್ನಿ.

ಸರ್ವಿಸಿನಲ್ಲಿದ್ದಾಗಿನ ಒಂದು ಮಾತು ಹೇಳಬೇಕು. ಕುರಿ ಸಾಕುವ ಮನೆಯ ಒಬ್ಬ ತಾಯಿ ಹೀಗೇ ಕೂಸನ್ನು ಬರೇ ಹಾಲಿನ ಮೇಲೆ ಇಟ್ಟಿದ್ದಳು. ಯಾಕಮ್ಮ ಅಂದರೆ, ಅಣ್ಣ ಕುರಿ ಹೊಡೆದುಕೊಂಡು ಹೋಗಿದ್ದಾನೆ, ಅವನು ಬಂದ ಮೇಲೆ ಅಂದಳು. “ಕುರಿ ಮೇದು ಬರೂತನ ಕೂಸು ಉಪಾಸ ಇರಬೇಕೇನ?” ಅಂತ ಬೈದು, ಅಂಬಲಿ ಕಲಸಿ ನನ್ನ ಎದುರೇ ಉಣಿಸಲು ಹಚ್ಚಿದೆ. ಆಕೆ ಅಳುತ್ತಾ ಉಣಿಸಿದಳು. ಇಷ್ಟಕ್ಕೆಲ್ಲ ಅಳುತ್ತಾರೆಯೇ ಅಂತ ನಾನು ರಿಜಿಸ್ಟರ್ ತುಂಬಿ ಎದ್ದು ಬಂದೆ. ಅವಳ ಅಣ್ಣನಾದರೋ ವಾಪಸ್ ಬರುವವನಿದ್ದ.

ಇರಲಿ. ತೂಕ ಹಾಕಿಸಿದ ಸಂಜೆಗೆ ಬರುತ್ತೇನೆ. ಶಾಂತಾಬಾಯಿ ಬೆರಳು ಮಡಿಸುತ್ತಾ ಕೂತಿದ್ದರು. ನನ್ನ ಬೀಗತಿ ತಿಥಿ, ವಾರದ ವಿಷಯದಲ್ಲಿ ಬಲು ಗಟ್ಟಿ. ಮಂಗಳವಾರ ಉಗುರು ಕತ್ತರಿಸಿದರೂ ಅವರಿಗೆ ಗೊತ್ತಾಗುತ್ತದೆ.

“ಬೀಗತಿ, ಹೊಟ್ಟಿಯೊಳಗ ಇದ್ದಿದ್ದ ಒಂಬತ್ತ್ ತಿಂಗಳಾ ಹಿಡೀಬೇಕೋ ಬ್ಯಾಡೋ?”

“ಯಾತಕ್ರಿ?”

“ಅವು ಒಂಬತ್ತು, ಇವು ಎಂಟು. ಹದಿನೇಳಾಯ್ತು. ಬೆಸಾನೇ ಅದಲ್ರಿ. ನಾಳಿಗೇ ಮಾಡೂನು.”

ಇಂಥ ಗಣಿತವನ್ನು ಯಾವ ಸಾಲಿಯಲ್ಲಿ ಕಲಿಸುತ್ತಾರೆ? ಇಷ್ಟು ಕಟ್ಟುನಿಟ್ಟಿನ ಹೆಂಗಸು ಇಷ್ಟು ಬೇಗ ಸಡಿಲಾದದ್ದು ಯಾಕೆ? ಆಗ ನನಗೆ ಹೊಳೆಯಲಿಲ್ಲ. ಯಾಕೆಂದರೆ ನನ್ನ ಮನಸ್ಸಿನಲ್ಲೇ ಒಂದು ಕಳ್ಳತನ ಕೂತಿತ್ತು.

ಎರಡು ವಾರದ ಹಿಂದೆ, ಹೀಗೇ ಬೀದರದಿಂದ ಬಸ್ಸು ಹಿಡಿದು ಕೂಸು ನೋಡಲು ಹೋಗಿದ್ದೆ. ಮುನ್ನಿಯನ್ನು ನನ್ನ ಕೈಗೆ ಕೊಟ್ಟು ಸುಜಾತಾ ಸ್ನಾನಕ್ಕೆ ಹೋದಳು. ನನ್ನ ತಾಟಿನಲ್ಲಿ ಬೇಳೆ ಅನ್ನ. ಕೂಸು ನನ್ನ ಬಾಯಿಯನ್ನೇ ನೋಡುತ್ತಿತ್ತು. ನನ್ನ ಕೈ ಮೇಲೆ ಹೋದರೆ ಅದರ ಕಣ್ಣು ಮೇಲೆ, ಕೈ ಕೆಳಗೆ ಬಂದರೆ ಕಣ್ಣು ಕೆಳಗೆ. ಎಷ್ಟು ಹೊತ್ತು ತಡೆದುಕೊಳ್ಳಲಿ? ನುಣ್ಣಗೆ ಕಿವುಚಿ ಎರಡು ಚಮಚ ಕೊಟ್ಟೆ. ತುಟಿ ಒರೆಸಿದೆ, ಚಮಚ ತೊಳೆದೆ, ಜಾಗದಲ್ಲಿ ಇಟ್ಟೆ. ಮುನ್ನಿ ಉಗುಳಲಿಲ್ಲ, ಮುಖ ಹಿಂಡಲಿಲ್ಲ, ಚಪ್ಪರಿಸಿದಳು. ಮೊದಲ ಸಲಕ್ಕೇ ಇಷ್ಟು ಸಲೀಸಾಗಿ ನುಂಗಿದ ಕೂಸನ್ನು ಮೂವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ನಮ್ಮ ಮನೆತನದ ಬುದ್ಧಿ ಬಂದಿದೆ ಅಂದುಕೊಂಡೆ. (ಅಲ್ಲೇ ನನಗೆ ಅನುಮಾನ ಬರಬೇಕಿತ್ತು.)

ತೂಕ ಹಾಕಿಸಿ ಬಂದ ಆ ಸಂಜೆ ಸುಜಾತಾಳ ಕೈಯಲ್ಲಿ ಕಾರ್ಡು ಇನ್ನೂ ಹಾಗೇ ಇತ್ತು. “ಆಯ್ತು, ಕರೀರಿ ಅವನಿಗಿ,” ಅಂದಳು, ಯಾರ ಮುಖವನ್ನೂ ನೋಡದೆ.

ಮರುದಿನ ವಿಜಯ ಮೂರನೇ ಸಲ ಬಂದ. ಅದೇ ಅಂಗಿ, ಅದೇ ಬಟ್ಟಲು. ಮಣೆ ಹಾಕಿ ಸುತ್ತ ರಂಗೋಲಿ ಎಳೆದೆವು. ಶಾಂತಾಬಾಯಿ ಖೀರು ಮಾಡಿದರು. (ಸಕ್ಕರೆ ಬೇಡ ಅಂತ ನಾನು ಹೇಳಿದೆ. ಬೀಗರ ಮನೆಯಲ್ಲಿ ಅಂಗನವಾಡಿಯವಳ ಮಾತು ಯಾರು ಕೇಳುತ್ತಾರೆ?) ವಿಜಯ ಕೂತ. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡ. ಬಟ್ಟಲಲ್ಲಿ ಚಮಚ ಅದ್ದಿದ.

ಚಮಚ ಇನ್ನೂ ಮೇಲೆ ಬಂದಿರಲಿಲ್ಲ, ಮುನ್ನಿ ಬಾಯಿ ತೆರೆದಳು. ಅಗಲಕ್ಕೆ, ಕತ್ತು ಮುಂದೆ ಚಾಚಿ. ಇಷ್ಟು ತಡ ಯಾಕೆ ಅನ್ನುವ ಹಾಗೆ ಎರಡೂ ಕೈಯಿಂದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

ವಿಜಯನ ಕೈ ಅಲ್ಲೇ ನಿಂತಿತು. ಕೂಸನ್ನು ನೋಡಿದ, ನಮ್ಮನ್ನು ನೋಡಿದ. “ದೊಡ್ಡವ್ವ, ಇಕಿ ಹೊಸಬಾಕಿ ಅಲ್ಲ. ಇಕಿಗಿ ಅಭ್ಯಾಸ ಅದ.”

ಶಾಂತಾಬಾಯಿ ಖೀರಿನ ಪಾತೇಲಿಯ ಮುಚ್ಚಳ ಸರಿ ಮಾಡಿದರು. ಅಳಿಯ ಜೇಬಿನಿಂದ ಫೋನ್ ತೆಗೆದ. ಅವನ ಅಪ್ಪ ಸುಮ್ಮನೇ ಕೆಮ್ಮಿದರು.

“ಯಾರ್ ಕೊಟ್ಟೀರಿ?” ಅಂದಳು ಸುಜಾತಾ.

ಮೊದಲು ಬಾಯಿ ಬಿಟ್ಟವಳು ನಾನೇ. “ಎರಡೇ ಚಮಚ. ಬ್ಯಾಳಿ ಅನ್ನ. ಹದಿನೈದು ದಿನ ಆಯ್ತು.”

“ಹಂಗಾದ್ರ ನೀವೇ ಮೊದಲಲ್ರಿ ಬೀಗತಿ,” ಅಂದರು ಶಾಂತಾಬಾಯಿ. ಅವರ ಮುಖ ಒಮ್ಮೆಲೇ ಹಗುರಾಯಿತು. “ನಂದು ಹೋದ ಸೋಮವಾರದ್ದು. ಅದೂ ಬ್ಯಾಳಿ ಮ್ಯಾಗಿನ ನೀರು. ನೀರಿಗಿ ಊಟ ಅಂತಾರೇನ್ರಿ?”

ಅಳಿಯ ಫೋನಿನಿಂದ ತಲೆ ಎತ್ತಲಿಲ್ಲ. “ನಾ ಜರಾ ಬಾಳಿಹಣ್ಣ ನೆಕ್ಸೀನಿ. ಅತ್ತಿ ಕೊಟ್ಟ ಮ್ಯಾಲೇ ಇರಬೇಕು.”

“ನಾ ಬಿಸ್ಕಿಟ್,” ಅಂದರು ಅವನ ಅಪ್ಪ. “ಚಹಾದಾಗ ಅದ್ದಿ.”

“ಚಹಾದಾಗ ಏನ್ರಿ?” ನನ್ನೊಳಗಿನ ಟೀಚರ್ ಎದ್ದು ನಿಂತಳು.

“ಅರ್ಧಾನೇ ರೀ. ಉಳಿದರ್ಧಾ ನಾ ತಿಂದೀನಿ.”

“ಯಾವಾಗ?”

“ನಿಮ್ಮೆಲ್ಲಾರದೂ ಆದ ಮ್ಯಾಲೆ.”

ಊರಲ್ಲೆಲ್ಲ ಜನ ಮೊದಲಿಗರಾಗಲು ಬಡಿದಾಡುತ್ತಾರೆ. ನಮ್ಮ ಮನೆಯಲ್ಲಿ ನಾಲ್ಕು ಮಂದಿ ಎರಡನೆಯವರಾಗಲು ಜಗಳಕ್ಕೆ ನಿಂತರು. ಮೊದಲು ಕೊಟ್ಟವರು ಯಾರು? ನನಗೆ ಇವತ್ತಿಗೂ ಗೊತ್ತಿಲ್ಲ. (ಬಿಸ್ಕಿಟ್ ಮೇಲೆ ನನಗೆ ಬಲವಾದ ಸಂಶಯವಿದೆ.) ಹಿಂದೆ ತಾಯಂದಿರು ಕೂಸಿಗೆ ಕೊಡದೇ ಕೊಟ್ಟಿದ್ದೇವೆ ಅಂತ ನನಗೆ ಸುಳ್ಳು ಹೇಳುತ್ತಿದ್ದರು. ಕೊಟ್ಟು ಕೊಟ್ಟಿಲ್ಲ ಅನ್ನುವ ಮನೆಯನ್ನು ನಾನು ನೋಡಿದ್ದು ಇದೇ ಮೊದಲು.

ಹಾಗಾದರೆ ಕಾರ್ಡಿನ ಗೆರೆ ಯಾಕೆ ಮಲಗಿತ್ತು? ಕದ್ದು ಕೊಡುವ ಕೈ ಎಷ್ಟು ಕೊಟ್ಟೀತು? ಒಬ್ಬೊಬ್ಬರದು ಒಂದೆರಡು ಚಮಚ, ಅದೂ ಬಾಗಿಲ ಕಡೆ ನೋಡುತ್ತಾ. ನಾಲ್ಕು ಜನರ ಅಂಜಿಕೆ ಕೂಡಿಸಿದರೂ ಕೂಸಿಗೆ ಒಂದು ಹೊತ್ತಿನ ಊಟವಾಗಿರಲಿಲ್ಲ.

ಅಂಜಿದ್ದು ಸುಜಾತಾಗೆ ಮಾತ್ರವೇ? ನನ್ನ ಮಟ್ಟಿಗೆ ಹೇಳುತ್ತೇನೆ. ಅವತ್ತು ಚಮಚ ತೊಳೆಯುವಾಗ, ಮಹೇಶನಿಗೆ ಎತ್ತಿಟ್ಟದ್ದನ್ನು ಮುಟ್ಟಿ ಅವನ ಕೈಯಲ್ಲೇ ಸಿಕ್ಕಿಬಿದ್ದ ಹಾಗೆ ಆಗಿತ್ತು.

“ಅಂದ್ರ ಮನಿಯೊಳಗ ಎಲ್ಲಾರೂ ಉಣಸೀರಿ,” ಅಂದಳು ಸುಜಾತಾ. “ಹಡದಾಕಿ ನಾ ಒಬ್ಬಾಕೇ ಉಣಸಿಲ್ಲ.”

ವಿಜಯ ಮೆಲ್ಲಗೆ ಮಣೆಯಿಂದ ಏಳಲು ನೋಡಿದ. “ಅಕ್ಕ, ಬೇಕಾದ್ರ ನಾ ಮತ್ತೊಮ್ಮೆ ಬರ್ತೇನಿ. ಚಹಾ ಕುಡದು ಹೋಗೋದು ನನಗ ರೂಢಿ ಆಗ್ಯಾದ.”

ಸುಜಾತಾ ನಕ್ಕಳು. ಆ ನಗು ಕೇಳಿ ನನಗೆ ವರ್ಷದ ಮೇಲಾಗಿತ್ತು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಕೂಡು ವಿಜ್ಯಾ. ಆದ್ರ ಮಹೇಶನ ಜಾಗಾದಾಗ ಕೂಡಬ್ಯಾಡ. ನಿನ್ನ ಜಾಗಾದಾಗ ಕೂಡು. ನೀನೂ ಮಾಮಾನೇ ಇದ್ದಿ.”

“ಮತ್ತ ಅವನ ಜಾಗಾ?”

“ಅದು ಇರ್ತದ. ಅದಕ್ಕ ಮುನ್ನಿ ಯಾಕ ಹಸೀಬೇಕು?”

ಒಳಗಿಂದ ಇನ್ನೊಂದು ಮಣೆ ತಂದು ಅವನ ಪಕ್ಕದಲ್ಲಿ ಹಾಕಿದಳು. ಅದರ ಮೇಲೆ ಯಾರೂ ಕೂಡಲಿಲ್ಲ. ವಿಜಯ ಉಣಿಸಿದ, ಆಮೇಲೆ ಸುಜಾತಾ ಉಣಿಸಿದಳು. ಮುನ್ನಿ ಬಟ್ಟಲು ಖಾಲಿ ಮಾಡಿ, ತಳವನ್ನೊಮ್ಮೆ ಬಗ್ಗಿ ನೋಡಿದಳು.

ಎಲ್ಲ ಮುಗಿಯಿತು ಅಂತ ನಾನು ಏಳುವಷ್ಟರಲ್ಲಿ ಸುಜಾತಾ ಒಂದು ದೊಡ್ಡ ಚಮಚ ಖೀರು ತುಂಬಿಕೊಂಡು ನನ್ನ ಎದುರು ಬಂದು ಕೂತಳು. ಮಹೇಶ ಹೋದಾಗಿನಿಂದ ನಾನು ಸಿಹಿ ಮುಟ್ಟಿಲ್ಲ. ವರ್ಷ ತುಂಬಿದ ಮೇಲೆ ಮುಟ್ಟಬಹುದಿತ್ತು. ಬೇಡ ಅನಿಸಿತ್ತು, ಅಷ್ಟೇ. ಯಾರೂ ಒತ್ತಾಯ ಮಾಡಿರಲಿಲ್ಲ.

“ಸಕ್ಕರಿ ಭಾಳ ಆಗ್ಯಾದ,” ಅಂದೆ.

“ಅಂಗನವಾಡಿ ಮಾತು ಸಾಕು. ‘ಆ’ ಅನ್ನು, ಅವ್ವ.”

ಎಂಟು ತಿಂಗಳ ಕೂಸು ಚಮಚ ಮೇಲೆ ಬರುವ ಮೊದಲೇ ಬಾಯಿ ತೆರೆದಿತ್ತು, ನನಗೆ ತುಸು ಹೊತ್ತು ಬೇಕಾಯಿತು.