ಆರಕ್ಷರದ ತಪ್ಪು

ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ನಮ್ಮ ದೊಡ್ಡಪ್ಪನ ಬೆರಳಲ್ಲಿ ಪೆನ್ನು ನಿಲ್ಲದಾಯಿತು. ಕೆಲಸ ಹೋಗುವ ಹಾಗಿತ್ತು. ನಮ್ಮಪ್ಪ, "ಬರೆದೂ ಬರೆದೂ ಕೈ ಸೋತಿದೆ, ಎಣ್ಣೆ ತಿಕ್ಕಣ್ಣ" ಎಂದು ತಿಂಗಳುಗಟ್ಟಲೆ ಪ್ರಾಣ ತಿಂದ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಜೀನ್ ಅಂದ್ರೆ ಅಕ್ಷರಗಳ ಸಾಲಿದ್ದ ಹಾಗೆ. ನಿಮ್ಮ ಒಂದು ಜೀನಿನಲ್ಲಿ ಅದೇ ಆರಕ್ಷರ ಒಂದರ ಹಿಂದೊಂದು ನೂರಾರು ಸಲ ಬಂದಿದೆ. ಅದರಿಂದ ನರಕೋಶದೊಳಗೆ ಸಂದೇಶ ಹೋಗೋದೇ ಕೆಡುತ್ತೆ. ಕೈ ಆಡಿಸೋ ನರಗಳು ಸಾಯ್ತವೆ. ಗುಣ ಮಾಡೋ ಔಷಧಿ ಇಲ್ಲ."

"ಎರಡು ಸಲ ಬಂದ್ರೇ ನಾನು ಹೊಡೆದು ಹಾಕ್ತಿದ್ದೆ. ನೂರಾರು ಸಲ ಬರೋವರೆಗೆ ಯಾರ್ರೀ ಸುಮ್ಮನಿದ್ದಿದ್ದು?" ಎಂದು ದೊಡ್ಡಪ್ಪ ರೇಗಿದ.

ಮನೆಯಲ್ಲಿ ಸಂಜೆಯೊಳಗೆ ಕೊಡಬೇಕಾದ ಕರಡು ಕಾದಿತ್ತು. ದೊಡ್ಡಪ್ಪ ಅಪ್ಪನನ್ನು ಮೇಜಿಗೆ ಎಳೆದು ಕೂರಿಸಿದ.

"ಪೆನ್ನು ಹಿಡಿಯೋ. ನಾನು ಹೇಳಿದ ಕಡೆ ಗೆರೆ ಎಳಿ. ನಿನಗೆ ಕಾಗುಣಿತವಾದ್ರೂ ಬರುತ್ತೆ ತಾನೆ?"