ಹದಿನಾರು ಚಿಪ್, ಎರಡೇ ಜಿಬಿ

ಒಂದು ಹಳೇ ನಾಲ್ಕು ಜಿಬಿ ರ‍್ಯಾಮ್‌ಗೆ ನನಗೆ ಬಿದ್ದದ್ದು ಸಾವಿರದ ನೂರು ರೂಪಾಯಿ. ಅದರ ನ್ಯಾಯವಾದ ಬೆಲೆ ಆರುನೂರೈವತ್ತು. ಉಳಿದ ನಾನೂರೈವತ್ತು ನನ್ನ ಬುದ್ಧಿವಂತಿಕೆಗೆ ನಾನೇ ಕಟ್ಟಿದ ತೆರಿಗೆ. ಹೇಗೆ ಅಂತ ಹೇಳ್ತೀನಿ, ನಿಮ್ಮ ದುಡ್ಡಾದರೂ ಉಳೀಲಿ.

ಮಾರೇನಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬಾಡಿಗೆ ಮೆಷಿನ್ ಒಂದರಿಂದ ಶುರು ಮಾಡಿದವನು. ಈಗ ಸ್ವಂತದ್ದು ಮೂರಿವೆ, ಒಂದನ್ನೂ ಹೇಳಿದ ಬೆಲೆಗೆ ತಂದಿಲ್ಲ. ಈ ಹೆಸರು ಕೇಳಿಯೇ ಕಾಮಾಕ್ಷಿಪಾಳ್ಯದ ಅಕ್ಕ ಒಬ್ಬರು ಬಂದರು. ಗದಗ ಕಡೆಯವರು, ಮನೆ ಮುಂದಿನ ರೂಮಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಇಟ್ಕೊಂಡು ಸ್ಕೂಲ್ ಯೂನಿಫಾರಂಗೆ ಬ್ಯಾಡ್ಜ್ ಹೊಲಿದು ಕೊಡ್ತಾರೆ.

ದೊಡ್ಡ ಸ್ಕೂಲೊಂದು ಅವರನ್ನ ಕರೆದಿತ್ತು. ಶನಿವಾರ ಸ್ಯಾಂಪಲ್ ತೋರಿಸಿದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಆರ್ಡರ್ ಬೇರೆಯವರಿಗೆ. ಬ್ಯಾಡ್ಜಲ್ಲಿ ಗರಿ ಬಿಚ್ಚಿದ ನವಿಲು, ಸುತ್ತ ಹೂವು. ಆ ಫೈಲ್ ತೆರೆದ ಕೂಡಲೇ ಅವರ ಹಳೇ ಕಂಪ್ಯೂಟರ್ ನಿಂತುಬಿಡೋದು. ಇದ್ದದ್ದು ಎರಡು ಜಿಬಿ, ಬೇಕಾದ್ದು ನಾಲ್ಕು. ರ‍್ಯಾಮ್ ಕೂರಿಸೋ ಸ್ಲಾಟ್ ಎರಡರಲ್ಲಿ ಒಂದು ಕೆಟ್ಟಿತ್ತು, ಹಾಗಾಗಿ ಹಳೇದನ್ನ ಕಿತ್ತು ಆ ಜಾಗಕ್ಕೇ ನಾಲ್ಕರದ್ದು ಹಾಕಬೇಕು. ನಾನಿದೀನಲ್ಲ, ಕಮ್ಮಿಗೆ ತರ್ತೀನಿ ಅಂತ ಮಾತು ಕೊಟ್ಟೆ.

ರಾಜಾಜಿನಗರದ ಹಳೇ ಸಾಮಾನಿನ ಅಂಗಡಿಯವನು ಎರಡು ರ‍್ಯಾಮ್ ಮುಂದಿಟ್ಟ. ಎರಡರ ಸ್ಟಿಕ್ಕರ್ರೂ ಕಿತ್ತು ಹೋಗಿತ್ತು. ಒಂದಕ್ಕೆ ಒಂದೇ ಕಡೆ ಎಂಟು ಕಪ್ಪು ಚಿಪ್; ಇನ್ನೊಂದಕ್ಕೆ ಎರಡೂ ಕಡೆ ಸೇರಿ ಹದಿನಾರು. ಎಂಟರದ್ದು ನಾಲ್ಕು ಜಿಬಿ, ಆರುನೂರೈವತ್ತು. ಹದಿನಾರರದ್ದು ಎರಡು ಜಿಬಿ, ಐನೂರೈವತ್ತು ಅಂದ. ಚಿಪ್ ಜಾಸ್ತಿ ಇದ್ದರೆ ಜಿಬಿನೂ ಜಾಸ್ತಿ ಅನ್ನೋದು ನನ್ನ ಲೆಕ್ಕ, ಮನಸ್ಸಲ್ಲೇ ನಕ್ಕೆ. ಅರ್ಧ ಖಾಲಿ ಇರೋ ಮಾಲನ್ನ ದುಬಾರಿಗೆ ದಾಟಿಸೋಕೆ ಲೆಕ್ಕಾನೇ ತಿರುಗಿಸಿ ಹೇಳ್ತಿದಾನೆ, ನನ್ನ ಹತ್ರಾನೇ.

"ಹಾಕಿ ತೋರಿಸ್ಲಾ ಸಾರ್?" ಅಂದ.

ಬೇಡ ಅಂದೆ. ಹಾಕಿ ತೋರಿಸಿದ ಮೇಲೆ ಅಂಗಡಿಯವನು ಒಂದು ರೂಪಾಯಿನೂ ಇಳಿಯಲ್ಲ ಅನ್ನೋದು ನನ್ನ ಅನುಭವ. ಹದಿನಾರರದ್ದನ್ನೇ ಹಿಡಿದು ಎಳೆದಾಡಿ ನಾನೂರೈವತ್ತಕ್ಕೆ ತಂದೆ. ವಾಪಸ್ ತಗೊಳಲ್ಲ ಅಂತ ಎರಡು ಸಲ ಹೇಳಿ ಕೊಟ್ಟ. ನಾನು ಗೆದ್ದೆ ಅಂದ್ಕೊಂಡು ಬಸ್ ಹತ್ತಿದೆ.

ಅಕ್ಕನ ರೂಮಲ್ಲಿ ಕೂರಿಸಿ ಆನ್ ಮಾಡಿದರೆ ಸ್ಕ್ರೀನ್ ಮೇಲೆ ಎರಡು ಜಿಬಿ. ತೆಗೆದು, ಅದರ ಕೆಳ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನ ರಬ್ಬರಲ್ಲಿ ಉಜ್ಜಿ ಮತ್ತೆ ಕೂರಿಸಿದೆ. ಆಗಲೂ ಎರಡೇ.

"ಅಣ್ಣಾರ, ಹಳೇದೂ ಎರಡ ಇತ್ತು, ಇದೂ ಎರಡ ತೋರಸಾಕತ್ತೈತಲ್ರಿ."

ಹದಿನಾರು ಚಿಪ್ ಇದೆ ಅಕ್ಕಾ, ಎರಡು ಹೇಗಾಗುತ್ತೆ ಅಂತ ನಾನು ಸ್ಲಾಟನ್ನ ಬೈಯೋಕೆ ಶುರು ಮಾಡಿದೆ. ಅವರು ಹೊಲಿಗೆ ಪರೀಕ್ಷೆ ಮಾಡೋ ಭೂತಗನ್ನಡಿ ತಗೊಂಡು ರ‍್ಯಾಮನ್ನ ಕಿಟಕಿ ಹತ್ರ ಹಿಡಿದರು.

"ನಾ ಏನು ಹೂವ ಎಣಿಸಿ ರೇಟ್ ಹಾಕ್ತೀನೇನ್ರಿ? ಒಂದೊಂದು ಹೂವಿನಾಗ ಎಷ್ಟು ಹೊಲಿಗಿ ಅದಾವ ಅಂತ ನೋಡಿ ಹಾಕ್ತೀನಿ. ಇದರಾಗೂ ಏನೋ ಬರದೈತಿ ನೋಡ್ರಿ."

ಅವರ ಕಸುಬೇ ಹಾಗೆ, ಸಾವಿರ ಹೊಲಿಗೆಗೆ ಇಷ್ಟು ಅಂತ ದರ. ಪ್ರತಿ ಚಿಪ್ ಮೇಲೂ ಇರುವೆ ಕಾಲಿನಂಥ ಅಕ್ಷರದಲ್ಲಿ 128M8 ಅಂತಿತ್ತು. ಫೋನಲ್ಲಿ ಹುಡುಕಿದೆ: ಒಂದು ಚಿಪ್‌ಗೆ ನೂರಿಪ್ಪತ್ತೆಂಟು ಎಂಬಿ. ನಾನು ಗುಣಿಸೋ ಮೊದಲೇ ಅಕ್ಕ ಎರಡು ಸಾವಿರದ ನಲವತ್ತೆಂಟು ಅಂದರು. ಎರಡೇ ಜಿಬಿ. ಅಂಗಡಿಯವನು ನಿಜ ಹೇಳಿದ್ದ. ಚೌಕಾಸಿ ಮಾಡೋ ಹುರುಪಲ್ಲಿ ನಾನೇ ನಂಬಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಭೂತಗನ್ನಡಿ ಸಮೇತ ಮತ್ತೆ ಅದೇ ಅಂಗಡಿಗೆ ಹೋದೆ. ಆ ಎಂಟು ಚಿಪ್‌ಗಳ ಮೇಲೆ 512M8 ಇತ್ತು. ಐನೂರಹನ್ನೆರಡನ್ನ ಎಂಟರಿಂದ ಗುಣಿಸಿದರೆ ನಾಲ್ಕು ಸಾವಿರದ ತೊಂಬತ್ತಾರು, ಅಂದರೆ ನಾಲ್ಕು ಜಿಬಿ. ಈ ಸಲ ನಾನೇ ಕೇಳಿ ಹಾಕಿಸಿ ನೋಡಿದೆ. "ಐವತ್ತು ಬಿಡಿ" ಅನ್ನೋದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡು ಪೂರ್ತಿ ಕೊಟ್ಟೆ. ಅಕ್ಕನ ಹತ್ತಿರ ತಗೊಂಡದ್ದು ಆರುನೂರೈವತ್ತಷ್ಟೇ. ಮಧ್ಯಾಹ್ನಕ್ಕೆ ನವಿಲು ತೆರೆದುಕೊಂಡಿತು, ಶನಿವಾರ ಸ್ಯಾಂಪಲ್ ಒಪ್ಪಿಗೆಯಾಯಿತು.

ನೀವು ಹಳೇ ರ‍್ಯಾಮ್ ಕೊಳ್ಳೋಕೆ ಹೋದರೆ ಸ್ಟಿಕ್ಕರ್ ನಂಬಬೇಡಿ, ಅದನ್ನ ಯಾರು ಬೇಕಾದರೂ ಅಂಟಿಸಬಹುದು. ಬರೀ ಚಿಪ್ ಎಣಿಸಿಯೂ ಮೋಸ ಹೋಗಬೇಡಿ. ಮೇಲಿನ ಬರಹ ಓದಿ: ಕೊನೆಗೆ M8 ಇದ್ದರೆ ಅದರ ಮುಂದಿನ ಸಂಖ್ಯೆಯೇ ಒಂದು ಚಿಪ್ಪಿನ ಎಂಬಿ, M16 ಇದ್ದರೆ ಅದರ ಎರಡರಷ್ಟು. ಕೆಲವು ಕಂಪನಿಯವರು ಉದ್ದ ನಂಬರಿನ ಮಧ್ಯೆ 2G ಅಂತ ಹಾಕಿರ್ತಾರೆ. ಅದು ಎರಡು ಗಿಗಾಬಿಟ್, ಅಂದರೆ ಎರಡು ಸಾವಿರದ ನಲವತ್ತೆಂಟು ಮೆಗಾಬಿಟ್; ಎಂಟರಿಂದ ಭಾಗಿಸಿದರೆ ಇನ್ನೂರೈವತ್ತಾರು ಎಂಬಿ ಆಗುತ್ತೆ. ಒಂದು ಕಡೆಗೆ ಒಂಬತ್ತು ಚಿಪ್ ಕಂಡರೆ ಅದು ಸರ್ವರ್‌ದು, ಮನೆ ಕಂಪ್ಯೂಟರಿಗೆ ಬೇಡ. ಹಳೇ ರ‍್ಯಾಮನ್ನ ಜೊತೆಗೆ ಒಯ್ದು, ಕೆಳ ಅಂಚಲ್ಲಿ ಕತ್ತರಿಸಿದಂತಿರೋ ಕಚ್ಚು ಎರಡರಲ್ಲೂ ಒಂದೇ ಜಾಗದಲ್ಲಿದೆಯಾ ನೋಡ್ಕೊಳ್ಳಿ. ಗುಣಿಸಿ, ಸ್ಕ್ರೀನ್ ಮೇಲೆ ಕಣ್ಣಾರೆ ನೋಡಿ. ಚೌಕಾಸಿ ಶುರು ಮಾಡೋದು ಇಷ್ಟೆಲ್ಲ ಆದ ಮೇಲೆ.